ಬೆಕ್ಕಿನ ಉಗುರು: ಕೊಕ್ಕೆಯಷ್ಟೇ ತೆಗೆಯಿರಿ

ಕೌದಿಯ ಹೊಲಿಗೆಗೆ ಉಗುರು ಸಿಕ್ಕಿ ಬೆಕ್ಕು ಕಾಲು ಜಗ್ಗತೊಡಗಿದರೆ, ನಡೆಯುವಾಗ ಕಲ್ಲಿನ ನೆಲದ ಮೇಲೆ ಟಿಕ್ ಟಿಕ್ ಸದ್ದು ಬಂದರೆ, ತೊಡೆಯಿಂದ ಇಳಿಯುವಾಗ ಸೀರೆಯ ನೂಲು ಎಳೆದುಕೊಂಡು ಹೋದರೆ ಉಗುರು ಬೆಳೆದಿದೆ ಎಂದೇ ಅರ್ಥ. ಅದನ್ನು ತೆಗೆಯುವ ಕೆಲಸ ಮನೆಯಲ್ಲೇ ಆಗುತ್ತದೆ. ನಮ್ಮ ಕಡೆಯ ಪಶು ಆಸ್ಪತ್ರೆಗಳಲ್ಲಿ ದನ, ಎಮ್ಮೆ, ಕುರಿ, ಆಡುಗಳದ್ದೇ ಸಾಲು. ಬರೀ ಉಗುರಿಗೆಂದು ಬೆಕ್ಕನ್ನು ಅಲ್ಲಿಗೆ ಹೊತ್ತೊಯ್ದರೆ ಕತ್ತರಿಗಿಂತ ಆ ಗದ್ದಲಕ್ಕೇ ಅದು ಹೆದರಿ ನಡುಗುತ್ತದೆ.

ತೆಗೆಯಬೇಕಾದದ್ದು ಉಗುರಿನ ತುದಿಯ ಕೊಕ್ಕೆ ಮಾತ್ರ, ಒಂದರಿಂದ ಎರಡು ಮಿಲಿಮೀಟರ್. ನಮ್ಮ ಉಗುರಿನಂತೆ ಬುಡದವರೆಗೆ ಒಪ್ಪವಾಗಿ ಕತ್ತರಿಸಲು ಹೋದಾಗಲೇ ರಕ್ತ ಬರುವುದು, ಪರಚುವುದು, ಮುಂದಿನ ಸಲ ಕಟರ್ ಕಂಡೊಡನೆ ಬೆಕ್ಕು ಅಟ್ಟ ಹತ್ತಿ ಕೂರುವುದು.

ಯಾವ ಬೆಕ್ಕಿಗೆ ಬೇಕು, ಯಾವುದಕ್ಕೆ ಬೇಡ

“ಉಗುರು ತಗದ್ರ ಅದು ಇಲಿ ಹ್ಯಾಂಗ ಹಿಡೀಬೇಕು?” ಎಂದು ಮನೆಯ ಹಿರಿಯರು ಕೇಳುತ್ತಾರೆ. ಪ್ರಶ್ನೆಯಲ್ಲಿ ಹುರುಳಿದೆ. ಗಂಗಾವತಿ, ಸಿಂಧನೂರು ಕಡೆಯ ಅಕ್ಕಿ ಗಿರಣಿ, ಭತ್ತದ ಗೋದಾಮುಗಳಲ್ಲಿ ಇಲಿ ಕಾಯುವ ಬೆಕ್ಕಿಗೆ, ಓಣಿಯ ನಾಯಿಗಳಿಂದ ತಪ್ಪಿಸಿಕೊಂಡು ಬೇವಿನ ಮರವನ್ನೋ ಕಾಂಪೌಂಡ್ ಗೋಡೆಯನ್ನೋ ಹತ್ತುವ ಬೆಕ್ಕಿಗೆ ಉಗುರು ಕತ್ತರಿಸಬಾರದು. ಅದರ ಜೀವ ಉಳಿಸುವುದೇ ಆ ಉಗುರು. ಹಗಲು ಮನೆಯಲ್ಲಿ ಮಲಗಿ ರಾತ್ರಿ ಮಾಳಿಗೆ ಮೇಲೆ ತಿರುಗುವ ಬೆಕ್ಕಿಗೂ ಹಿಂಗಾಲು ಮುಟ್ಟಬೇಡಿ. ಮುಂಗಾಲಿನ ಹೆಬ್ಬೆರಳೊಂದನ್ನು ಆಗಾಗ ನೋಡಿಕೊಂಡರೆ ಸಾಕು. ಏಕೆಂಬುದು ಮುಂದೆ ಬರುತ್ತದೆ.

ಪೂರ್ತಿ ಮನೆಯೊಳಗೇ ಇರುವ ಬೆಕ್ಕಿಗೆ ಮುಂಗಾಲಿನ ಉಗುರುಗಳನ್ನು ಎರಡು–ಮೂರು ವಾರಕ್ಕೊಮ್ಮೆ ತೆಗೆಯಬೇಕಾಗುತ್ತದೆ. ಹಿಂಗಾಲಿನವು ನಿಧಾನ ಮೊನಚಾಗುತ್ತವೆ, ಬೆಕ್ಕು ತಾನೇ ಹಲ್ಲಿನಿಂದ ಕಚ್ಚಿ ಅವುಗಳ ಸಿಪ್ಪೆ ತೆಗೆಯುತ್ತದೆ. ತಿಂಗಳಿಗೊಮ್ಮೆ ನೋಡಿದರೆ ಆಯಿತು. ಎರಡು ತಿಂಗಳ ಮರಿಯಿಂದಲೇ ಅಭ್ಯಾಸ ಮಾಡಿಸುವುದು ಲೇಸು. ಮರಿಯ ಉಗುರು ಸೂಜಿಮೊನೆಯಷ್ಟು ಚೂಪು, ಬೇಗ ಬೆಳೆಯುತ್ತದೆ, ವಾರಕ್ಕೊಮ್ಮೆ ತುದಿ ಮುಟ್ಟಿದರೂ ನಡೆದೀತು. ಹತ್ತು ವರ್ಷ ದಾಟಿದ ಬೆಕ್ಕಿನ ಉಗುರನ್ನೂ ವಾರಕ್ಕೊಮ್ಮೆ ಪರೀಕ್ಷಿಸಿ.

ಉಗುರಿನ ಒಳಗೇನಿದೆ

ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಒಟ್ಟು 18 ಉಗುರು. ಕೆಲವು ಬೆಕ್ಕುಗಳಿಗೆ ಹುಟ್ಟಿನಿಂದಲೇ ಹೆಚ್ಚಿನ ಬೆರಳಿರುತ್ತದೆ. ಆದ್ದರಿಂದ ಮೊದಲ ಸಲ ನಾಲ್ಕೂ ಕಾಲು ಎಣಿಸಿ ನೋಡಿ. ಮುಂಗಾಲಿನ ಐದನೆಯದು ಹೆಬ್ಬೆರಳು; ಒಳಬದಿಯಲ್ಲಿ, ಉಳಿದವಕ್ಕಿಂತ ಮೇಲೆ, ಕೂದಲಲ್ಲಿ ಅಡಗಿರುತ್ತದೆ. ನೆಲಕ್ಕೆ ತಾಗದ ಕಾರಣ ಸವೆಯುವುದಿಲ್ಲ. ಬೆಳೆದು ಬೆಳೆದು ಉಂಗುರದಂತೆ ಸುತ್ತಿ ಬೆರಳಿನ ಮೆತ್ತೆಗೇ ಚುಚ್ಚಿಕೊಳ್ಳುವುದು ಹೆಚ್ಚಾಗಿ ಇದೇ. ಎಲ್ಲ ಮುಗಿಸಿದೆವು ಎಂದುಕೊಂಡವರು ಮರೆಯುವುದೂ ಇದನ್ನೇ, ಹಾಗಾಗಿ ಪ್ರತಿ ಸಲವೂ ಹೆಬ್ಬೆರಳಿನಿಂದಲೇ ಶುರು ಮಾಡಿ.

ಉಗುರು ಬೆರಳಿನ ಕೊನೆಯ ಮೂಳೆಗೆ ಅಂಟಿಕೊಂಡೇ ಬೆಳೆಯುತ್ತದೆ. ಬೆಕ್ಕು ಸುಮ್ಮನಿದ್ದಾಗ ಒಳಕ್ಕೆ ಮಡಚಿರುತ್ತದೆ, ಹತ್ತುವಾಗ, ಹಿಡಿಯುವಾಗ ಮಾತ್ರ ಹೊರಗೆ ಚಾಚುತ್ತದೆ. ಅದು ಈರುಳ್ಳಿಯ ಹಾಗೆ ಪದರು ಪದರು. ಕೆರೆಯುವಾಗ ಹಳೆಯ ಹೊರಪದರು ಕಳಚಿ ಒಳಗಿನ ಹೊಸ ಮೊನೆ ಹೊರಬರುತ್ತದೆ. ಹೊರಸಿನ ಕಾಲಿನ ಬಳಿ, ಚಾಪೆಯ ಮೇಲೆ ಬಿದ್ದು ಸಿಗುವ ಬೆಳ್ಳನೆಯ ಟೊಳ್ಳು ಕೊಕ್ಕೆ ಆ ಪದರೇ. ಉಗುರು ಮುರಿದು ಬಿತ್ತೆಂದು ಗಾಬರಿಯಾಗಬೇಕಿಲ್ಲ.

ಬೆಳಕಿಗೆ ಹಿಡಿದರೆ ಉಗುರಿನ ಬುಡದಲ್ಲಿ ನಸುಗೆಂಪು ತ್ರಿಕೋನ ಕಾಣುತ್ತದೆ. ರಕ್ತನಾಳ, ನರ ಎರಡೂ ಅಲ್ಲಿವೆ. ಅದು ಉಗುರಿನ ಜೀವ. ಅದಕ್ಕೆ ಕತ್ತರಿ ತಾಗಿದರೆ ನೋವು, ರಕ್ತ ಎರಡೂ ಖಂಡಿತ. ಕೆಂಪು ಮುಗಿಯುವ ಜಾಗದಿಂದ ಕನಿಷ್ಠ ಎರಡು ಮಿಲಿಮೀಟರ್ ಬಿಟ್ಟು, ಅದರಾಚೆಗಿನ ಬಿಳಿಯ, ಬಾಗಿದ ತುದಿಯನ್ನಷ್ಟೇ ಕತ್ತರಿಸಬೇಕು. ಉಗುರು ಕಪ್ಪಾಗಿದ್ದು ಒಳಗಿನದು ಕಾಣದಿದ್ದರೆ ಮೊಬೈಲಿನ ಟಾರ್ಚನ್ನು ಹಿಂದಿನಿಂದ ಹಿಡಿಯಿರಿ. ಆಗಲೂ ಕಾಣದಿದ್ದರೆ ದಪ್ಪ ಭಾಗ ಬಿಟ್ಟು, ಸಣ್ಣಗಾಗಿ ಬಾಗಿದ ಮೊನೆಯನ್ನು ಮಾತ್ರ ತೆಗೆದು ನಿಲ್ಲಿಸಿ.

ಇಲ್ಲೊಂದು ತೊಡಕಿದೆ. ಸಂಡೂರು, ಬಳ್ಳಾರಿ ಕಡೆ ಅದಿರಿನ ಕೆಂಧೂಳು ಕೂತು ಉಗುರೆಲ್ಲ ಕಂದಾಗುತ್ತದೆ, ಜೀವದ ಕೆಂಪು ಯಾವುದು, ಧೂಳಿನ ಕೆಂಪು ಯಾವುದು ಗೊತ್ತಾಗುವುದಿಲ್ಲ. ರಾಯಚೂರಿನ ಎರೆಮಣ್ಣು ಮಳೆಗಾಲದಲ್ಲಿ ಬೆರಳ ಸಂದಿಗೆ ಮೆತ್ತಿ ಒಣಗಿ ಗಟ್ಟಿಯಾಗಿರುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಪಂಜವನ್ನು ಮೊದಲು ಒರೆಸಿ, ಒಣಗಿಸಿ, ಆಮೇಲೆ ನೋಡಿ. ಒರೆಸುವಾಗಲೇ ಮೆತ್ತೆಗಳ ನಡುವೆ ಬಳ್ಳಾರಿ ಜಾಲಿಯ ಮುಳ್ಳಿನ ಮೊನೆ ಮುರಿದು ಉಳಿದಿದೆಯೇ ಎಂದು ಬೆರಳಾಡಿಸಿ. ಒಂದು ಕಾಲನ್ನು ಮಾತ್ರ ಮುಟ್ಟಗೊಡದ ಬೆಕ್ಕಿಗೆ ಎಷ್ಟೋ ಸಲ ಕಾರಣ ಉಗುರಲ್ಲ, ಮುಳ್ಳು.

ಸಾಮಾನು

ಕತ್ತರಿಯಂತಿದ್ದು ಅಲಗಿನ ಬಾಯಲ್ಲಿ ಅರ್ಧಚಂದ್ರದ ಕಚ್ಚು ಇರುವ ಚಿಕ್ಕ ಕಟರ್ ಎಲ್ಲಕ್ಕಿಂತ ಅನುಕೂಲ. ಉಗುರು ಆ ಕಚ್ಚಿನಲ್ಲಿ ಜಾರದೆ ಕೂರುತ್ತದೆ, ಎಲ್ಲಿ ಕತ್ತರಿಸುತ್ತಿದ್ದೇವೆ ಎಂಬುದು ಕಣ್ಣಿಗೆ ಕಾಣುತ್ತದೆ. ನಾಯಿಯ ದೊಡ್ಡ ಕಟರ್ ಬೇಡ. ಅದರ ಅಲಗೇ ಉಗುರನ್ನು ಮರೆಮಾಡುತ್ತದೆ. ತೂತಿನೊಳಗೆ ಉಗುರು ತೂರಿಸಿ ಒತ್ತುವ ಬಗೆಯದೂ ಬರುತ್ತದೆ, ಆದರೆ ಒದ್ದಾಡುವ ಬೆಕ್ಕಿನ ಉಗುರನ್ನು ತೂತಿಗೆ ತೂರಿಸುವುದು ಹೊಸಬರ ಕೈಲಾಗದ ಕೆಲಸ. ನಮ್ಮ ನೇಲ್ ಕಟರ್ ಮರಿಗಳ ತೆಳು ಉಗುರಿಗೆ ನಡೆಯುತ್ತದೆ, ಅದೂ ಹರಿತವಾಗಿದ್ದರೆ. ದೊಡ್ಡ ಬೆಕ್ಕಿನ ಉಗುರನ್ನು ಅದು ಕತ್ತರಿಸುವ ಬದಲು ಜಜ್ಜುತ್ತದೆ. ಉಗುರು ಉದ್ದಕ್ಕೆ ಸೀಳುತ್ತದೆ. ‘ಕಟ್’ ಎಂದು ಒಂದೇ ಸಲಕ್ಕೆ ತುಂಡಾಗದೆ ಬಾಗಿ ಜಜ್ಜಿಹೋದರೆ ಅಲಗು ಮೊಂಡಾಗಿದೆ, ಬದಲಿಸಿ. ಬೆಕ್ಕಿನ ಕಟರ್ ಬೆಕ್ಕಿಗೇ ಇರಲಿ. ಮನೆಮಂದಿಯ ಕಟರ್ ಜೊತೆ ಬೆರೆಸಬೇಡಿ.

ಜೊತೆಗೆ ಒಂದು ದಪ್ಪ ಟವೆಲ್, ಹತ್ತಿ, ಚಿಕ್ಕ ಬಟ್ಟಲಲ್ಲಿ ಒಂದು ಚಮಚ ಕಾರ್ನ್‌ಫ್ಲೋರ್. ರಕ್ತ ನಿಲ್ಲಿಸುವ ಸ್ಟಿಪ್ಟಿಕ್ ಪುಡಿ ಸಿಕ್ಕರೆ ಅದು ಇನ್ನೂ ಒಳ್ಳೆಯದು. ಇವೆಲ್ಲ ಬೆಕ್ಕನ್ನು ಎತ್ತಿಕೊಳ್ಳುವ ಮೊದಲೇ ಕೈಗೆಟಕುವಂತಿರಲಿ. ಉಪ್ಪು ಖಾರ ಹಾಕದೆ ಬೇಯಿಸಿದ ಕೋಳಿ ಮಾಂಸವನ್ನೋ ಮುಳ್ಳು ತೆಗೆದ ಮೀನನ್ನೋ ಕಡಲೆಕಾಳಿನ ಗಾತ್ರಕ್ಕೆ ಹರಿದು ಇಟ್ಟುಕೊಳ್ಳಿ. ಸಾರಿನಲ್ಲಿ ಬೆಂದ ತುಂಡು ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ಹಾಳು ಮಾಡುತ್ತವೆ.

ಕೈ ಒಗ್ಗಿಸುವುದು

ಅರ್ಧಕ್ಕರ್ಧ ಕೆಲಸ ಇಲ್ಲೇ ಇದೆ, ಆತುರಗಾರರು ಬಿಟ್ಟುಬಿಡುವುದೂ ಇದನ್ನೇ. ಕತ್ತರಿ ತರುವ ಒಂದು ವಾರ ಮೊದಲು, ಬೆಕ್ಕು ತೂಕಡಿಸುತ್ತ ಕೂತಾಗ ದಿನಕ್ಕೆರಡು ಸಲ ಪಂಜವನ್ನು ಮೆಲ್ಲಗೆ ಹಿಡಿದು, ಮೂರು ಎಣಿಸುವಷ್ಟರಲ್ಲಿ ಬಿಡಿ. ಬಿಟ್ಟ ಕೂಡಲೇ ಒಂದು ತುಂಡು ಬಾಯಿಗೆ. ಬೆಕ್ಕು ಕಾಲು ಎಳೆದುಕೊಂಡರೆ ಹಿಡಿತ ಬಿಗಿ ಮಾಡದೆ ಅದರ ಜೊತೆಗೇ ಕೈ ಹೋಗಲಿ, ಸುಮ್ಮನಾದ ಮೇಲೆ ಬಿಡಿ. ಎರಡು–ಮೂರು ದಿನದ ನಂತರ ಬೆರಳಿನ ಮೇಲೆ ನಿಮ್ಮ ಹೆಬ್ಬೆರಳು, ಕೆಳಗಿನ ಮೆತ್ತೆಗೆ ತೋರುಬೆರಳು ಇಟ್ಟು ಹಗುರಾಗಿ ಒತ್ತಿ. ಉಗುರು ತಾನಾಗಿ ಹೊರಬರುತ್ತದೆ. ಅಷ್ಟೇ ಸಾಕು, ಬಿಟ್ಟು ತಿನಿಸು ಕೊಡಿ.

ಇನ್ನು ಸದ್ದು. ಕಟರ್‌ನಿಂದ ಒಣ ಶ್ಯಾವಿಗೆಯ ಎಳೆಯನ್ನು ಬೆಕ್ಕಿನ ಪಕ್ಕದಲ್ಲೇ ತುಂಡು ಮಾಡಿ. ಉಗುರು ತುಂಡಾಗುವಾಗಲೂ ಹೆಚ್ಚುಕಡಿಮೆ ಅದೇ ಸದ್ದು. ಒಂದು ಕೈಯಲ್ಲಿ ಪಂಜ ಒತ್ತಿ ಉಗುರು ಹೊರತೆಗೆದು, ಇನ್ನೊಂದು ಕೈಯಲ್ಲಿ ಶ್ಯಾವಿಗೆ ಕತ್ತರಿಸಿದಾಗಲೂ ಬೆಕ್ಕು ಕಣ್ಣು ಮುಚ್ಚಿಯೇ ಇದ್ದರೆ ನಿಜವಾದ ಉಗುರಿಗೆ ಕೈ ಹಾಕಬಹುದು.

ಕತ್ತರಿಸುವ ದಿನ

ಹೊಟ್ಟೆ ತುಂಬಿ, ಆಟ ಮುಗಿದು, ಮೈ ನೆಕ್ಕಿಕೊಂಡು ಮಲಗುವ ಹೊತ್ತು ಆರಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಪಾರಾ 40 ಡಿಗ್ರಿ ದಾಟುವ ನಮ್ಮೂರುಗಳಲ್ಲಿ ನಡುಮಧ್ಯಾಹ್ನ ಬೇಡ; ಬೆಳಗ್ಗೆ ಎಂಟರೊಳಗೆ ಒಳ್ಳೆಯ ಬೆಳಕಿರುವ ಕಡೆ ಮಾಡಿಬಿಡಿ. ಕರೆಂಟನ್ನು ನಂಬಿ ರಾತ್ರಿಗೆ ಇಟ್ಟುಕೊಳ್ಳಬೇಡಿ. ಬಾಗಿಲು, ಕಿಟಕಿ ಮುಚ್ಚಿರಲಿ, ಮಕ್ಕಳು ಸುತ್ತ ನಿಂತು ನೋಡುವುದು ಬೇಡ.

ಬೆಕ್ಕನ್ನು ತೊಡೆಯ ಮೇಲೆ ನಿಮಗೆ ಬೆನ್ನು ಮಾಡಿ ಕೂರಿಸಿ. ಎದುರುಬದುರು ಕೂತರೆ ಅದಕ್ಕೆ ನೀವು ಮೇಲೆ ಬರುವಂತೆ ಕಾಣುತ್ತೀರಿ, ಕಚ್ಚಲೂ ದಾರಿ ಸುಲಭ. ಎಡಗೈಯ ಮೊಣಕೈಯಿಂದ ಅದರ ಮೈಯನ್ನು ನಿಮ್ಮ ಹೊಟ್ಟೆಗೆ ಆನಿಸಿಕೊಂಡು, ಅದೇ ಕೈಯಲ್ಲಿ ಪಂಜ ಹಿಡಿಯಿರಿ. ಕಾಲನ್ನು ಪಕ್ಕಕ್ಕೆ ಎಳೆಯಬಾರದು. ಬೆಕ್ಕಿನ ಮುಂಗಾಲು ಮುಂದಕ್ಕೂ ಹಿಂದಕ್ಕೂ ಸಲೀಸಾಗಿ ಆಡುತ್ತದೆ, ಪಕ್ಕಕ್ಕೆ ಎಳೆದರೆ ನೋಯುತ್ತದೆ. ಎಷ್ಟೋ ಬೆಕ್ಕುಗಳು ಸಿಟ್ಟಾಗುವುದು ಉಗುರು ಕತ್ತರಿಸಿದ್ದಕ್ಕಲ್ಲ, ಹೀಗೆ ಹಿಡಿದದ್ದಕ್ಕೆ.

ಮೆತ್ತೆ ಒತ್ತಿ ಉಗುರು ಹೊರತೆಗೆಯಿರಿ. ಸುತ್ತ ಕೂದಲಿದ್ದರೆ ಹೆಬ್ಬೆರಳಿನಿಂದ ಹಿಂದಕ್ಕೆ ಸರಿಸಿ. ಕಟರ್‌ನ ಒಂದು ಅಲಗು ಉಗುರಿನ ಮೇಲೆ, ಇನ್ನೊಂದು ಕೆಳಗೆ ಬರುವಂತೆ ಹಿಡಿದು, ಕೆಂಪು ಎಲ್ಲಿಗೆ ನಿಂತಿದೆ ಎಂದು ಇನ್ನೊಮ್ಮೆ ನೋಡಿ, ಒಂದೇ ಒತ್ತಿಗೆ ಕತ್ತರಿಸಿ. ಅರ್ಧ ಒತ್ತಿ ಅನುಮಾನದಿಂದ ನಿಲ್ಲಿಸಿದರೆ ಉಗುರು ಜಜ್ಜಿಹೋಗುತ್ತದೆ. ಎಡಬಲದಿಂದ ಅಡ್ಡಡ್ಡ ಹಿಂಡಿದರೆ ಸೀಳುವ ಸಂಭವ ಹೆಚ್ಚು. ಕತ್ತರಿಸಿದ ಮೇಲೆ ತುದಿ ಚಪ್ಪಟೆಯಾಗಿದ್ದರೂ ಅಡ್ಡಿಯಿಲ್ಲ. ಅರದಿಂದ ಉಜ್ಜಿ ನಯಗೊಳಿಸುವ ಅಗತ್ಯವಿಲ್ಲ, ಒಂದೆರಡು ದಿನದಲ್ಲಿ ಬೆಕ್ಕು ಕೆರೆದು ತಾನೇ ಸರಿಮಾಡಿಕೊಳ್ಳುತ್ತದೆ.

ಒಂದೇ ಸಲಕ್ಕೆ ಎಲ್ಲ ಉಗುರು ಮುಗಿಸುವ ಹಟ ಬಿಡಿ. ಮೊದಲ ದಿನ ಎರಡು ಉಗುರು ಸಾಕು, ಒಗ್ಗಿದ ಮೇಲೆ ಒಂದು ಪಂಜ. ಉಳಿದದ್ದು ನಾಳೆ. ಬಾಲ ಬಡಿಯುವುದು, ಕಿವಿ ಹಿಂದಕ್ಕೆ ಮಡಚುವುದು, ಬೆನ್ನಿನ ಚರ್ಮ ಅದುರುವುದು, ಕಣ್ಣುಪಾಪೆ ಅಗಲವಾಗುವುದು ಕಂಡರೆ ಗುರ್ ಎನ್ನುವವರೆಗೆ ಕಾಯದೆ ನಿಲ್ಲಿಸಿ ತಿನಿಸು ಕೊಡಿ. ಕತ್ತಿನ ಚರ್ಮ ಹಿಡಿದೆತ್ತುವುದು ತಾಯಿಬೆಕ್ಕು ಮರಿಗೆ ಮಾಡುವ ಕೆಲಸ, ದೊಡ್ಡ ಬೆಕ್ಕಿಗೆ ಅದು ನೋವು ಮತ್ತು ಭಯ.

ಕೂರಲೊಲ್ಲದ ಬೆಕ್ಕಿಗೆ ಟವೆಲ್. ಟವೆಲನ್ನು ಹೊರಸಿನ ಮೇಲೋ ಮೇಜಿನ ಮೇಲೋ ಹಾಸಿ, ಬೆಕ್ಕನ್ನು ನಡುವೆ ಕೂರಿಸಿ, ಒಂದು ಬದಿಯನ್ನು ಅದರ ಮೈಮೇಲೆ ಎಳೆದು ಹೊಟ್ಟೆಯಡಿ ಸೇರಿಸಿ, ಇನ್ನೊಂದು ಬದಿಯನ್ನು ಅದರ ಮೇಲೆ ತನ್ನಿ. ತಲೆ ಪೂರ್ತಿ ಹೊರಗಿರಲಿ, ಕುತ್ತಿಗೆಯಲ್ಲಿ ಎರಡು ಬೆರಳು ತೂರುವಷ್ಟು ಸಡಿಲವಿರಲಿ. ಒಂದೊಂದೇ ಕಾಲನ್ನು ಹೊರತೆಗೆದು ಕತ್ತರಿಸಿ ಒಳಗಿಡಿ. ಇಬ್ಬರಿದ್ದರೆ ಒಬ್ಬರು ಹಿಡಿದು ತಿನಿಸು ತೋರಿಸುತ್ತಿರಲಿ. ನಮ್ಮ ಬಿಸಿಲಿಗೆ ಸುತ್ತಿದ ಟವೆಲ್ ಎರಡು–ಮೂರು ನಿಮಿಷಕ್ಕಿಂತ ಹೆಚ್ಚು ಬೇಡ. ಬೆಕ್ಕು ಬಾಯಿ ತೆರೆದು ಏದುಸಿರು ಬಿಟ್ಟರೆ ಆ ಕ್ಷಣವೇ ಬಿಚ್ಚಿ, ತಂಪಾದ ಕಲ್ಲಿನ ನೆಲಕ್ಕೆ ಬಿಟ್ಟು ನೀರಿಡಿ.

ರಕ್ತ ಬಂದರೆ

ಗಾಬರಿಯಾಗಬೇಡಿ. ನೋಡಲು ಹೆಚ್ಚೆನಿಸಿದರೂ ಇದರಿಂದ ಜೀವಕ್ಕೆ ಅಪಾಯವಿಲ್ಲ. ಚಿಟಿಕೆ ಕಾರ್ನ್‌ಫ್ಲೋರನ್ನು ಅಂಗೈಯಲ್ಲಿ ಹಾಕಿಕೊಂಡು ಉಗುರಿನ ತುದಿಯನ್ನು ಅದರಲ್ಲಿ ಒತ್ತಿ, ಮೇಲೆ ಹತ್ತಿಯಿಟ್ಟು ಎರಡು–ಮೂರು ನಿಮಿಷ ಹಿಡಿಯಿರಿ. ನಿಂತಿತೇ ಎಂದು ಅರೆನಿಮಿಷಕ್ಕೊಮ್ಮೆ ಹತ್ತಿ ಎತ್ತಿ ನೋಡಿದರೆ ಹೆಪ್ಪುಗಟ್ಟಿದ್ದು ಕಿತ್ತು ಮತ್ತೆ ಸುರಿಯುತ್ತದೆ. ಕಾರ್ನ್‌ಫ್ಲೋರ್ ಇಲ್ಲದಿದ್ದರೆ ಮೈದಾ ಆದೀತು. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು. ಒಂದು ತಾಸು ಬೆಕ್ಕನ್ನು ಮಣ್ಣಿಗೆ ಬಿಡಬೇಡಿ. ಹದಿನೈದು ನಿಮಿಷ ಒತ್ತಿ ಹಿಡಿದರೂ ನಿಲ್ಲದಿದ್ದರೆ ವೈದ್ಯರ ಬಳಿ ಹೋಗಬೇಕು.

ಮನೆಯಲ್ಲಿ ಕೈಗೆ ಸಿಕ್ಕಿದ್ದನ್ನು ಹಚ್ಚುವುದು ಇದಕ್ಕಿಂತ ಅಪಾಯ. ಬೆಕ್ಕು ಹಚ್ಚಿದ್ದನ್ನೆಲ್ಲ ನೆಕ್ಕುತ್ತದೆ ಎಂಬುದು ನೆನಪಿರಲಿ. ಡೆಟಾಲ್‌ನಲ್ಲಿರುವ ಕ್ಲೋರೋಕ್ಸಿಲೆನಾಲ್‌ನಂಥ ಫೀನಾಲ್ ಜಾತಿಯ ವಸ್ತುಗಳನ್ನು ಬೆಕ್ಕಿನ ಯಕೃತ್ತು ಅರಗಿಸಿ ಹೊರಹಾಕಲಾರದು, ಹಾಗಾಗಿ ಅದು ವಿಷ. ಕಾಫಿಪುಡಿಯ ಕೆಫೀನ್, ನಶ್ಯದ ನಿಕೋಟಿನ್ ಕೂಡ ವಿಷವೇ. ಸುಣ್ಣ ಸುಡುತ್ತದೆ. ನೋವಿಗೆಂದು ಪ್ಯಾರಾಸಿಟಮಾಲ್ ಕೊಡಲೇಬಾರದು. ಒಂದು ಮಾತ್ರೆ ಬೆಕ್ಕನ್ನು ಕೊಲ್ಲಲು ಸಾಕು.

ನಿಮಗೆ ಪರಚಿದರೆ, ಕಚ್ಚಿದರೆ

ಗಾಯ ಚಿಕ್ಕದೆಂದು ಬಿಡಬೇಡಿ. ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆಯಿರಿ. ಖಾರಪುಡಿ, ಅರಿಶಿನ, ಸುಣ್ಣ ಯಾವುದೂ ಬೇಡ. ರೇಬಿಸ್ ನಾಯಿಯಿಂದ ಮಾತ್ರವಲ್ಲ, ಬೆಕ್ಕಿನಿಂದಲೂ ಬರುತ್ತದೆ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಿ. ಚರ್ಮದಲ್ಲಿ ಕೊಡುವ ಚುಚ್ಚುಮದ್ದು 0, 3, 7, 28ನೇ ದಿನಗಳಲ್ಲಿ ಬರುತ್ತದೆ, ನಡುವೆ ಬಿಡಬಾರದು; ಟೆಟನಸ್ ಬಗ್ಗೆಯೂ ಅಲ್ಲೇ ಕೇಳಿ. ಬೆಕ್ಕಿನ ಹಲ್ಲು ಸಣ್ಣದು, ಆದರೆ ಆಳಕ್ಕಿಳಿಯುತ್ತದೆ. ಕಚ್ಚಿದ ಕೈ ಮರುದಿನ ಊದಿ ಕೆಂಪಾದರೆ ಸೋಂಕಾಗಿದೆ ಎಂದು ತಿಳಿದು ವೈದ್ಯರಿಗೆ ತೋರಿಸಿ. ಬೆಕ್ಕಿಗೆ ಮೂರು ತಿಂಗಳಾದಾಗ ರೇಬಿಸ್ ಲಸಿಕೆ ಹಾಕಿಸಿ, ಮುಂದಿನ ಸೂಜಿ ಯಾವಾಗ ಎಂಬುದನ್ನು ಪಶುವೈದ್ಯರಿಂದ ಬರೆಸಿಕೊಂಡಿರಿ.

ಚಿಗಟ ಇರುವ ಬೆಕ್ಕಿನ ಉಗುರಿಗೆ ಚಿಗಟದ ಹೊಲಸು ಸೇರಿರುತ್ತದೆ. ಬಾರ್ಟೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಪರಚಿದ ಗಾಯದ ಮೂಲಕ ಮನುಷ್ಯರಿಗೆ ದಾಟಿ ಜ್ವರ, ಕಂಕುಳಲ್ಲಿ ಗಡ್ಡೆ ಬರುವುದು ಹೀಗೆ. ರೋಗನಿರೋಧಕ ಶಕ್ತಿ ಕಡಿಮೆಯಿರುವವರು ಈ ಕೆಲಸವನ್ನು ಮನೆಯ ಬೇರೆಯವರಿಗೆ ಬಿಡುವುದು ಒಳಿತು. ಚಿಗಟಕ್ಕೆ ಬೆಕ್ಕಿನದೇ ಔಷಧ ತನ್ನಿ. ಎಮ್ಮೆ, ಕುರಿಯ ಮೈಯ ಉಣ್ಣಿಹುಳಕ್ಕೆ ತಂದ ದ್ರಾವಣವನ್ನೋ ನಾಯಿಯ ಪರ್ಮೆಥ್ರಿನ್ ಔಷಧವನ್ನೋ ಬೆಕ್ಕಿಗೆ ಸವರಿದರೆ ನಡುಕ, ಫಿಟ್ಸ್ ಬಂದು ಸಾಯಬಹುದು.

ಕತ್ತರಿಸಿದರೂ ಕೆರೆಯುವುದು ನಿಲ್ಲದು

ನಿಲ್ಲಬೇಕೆಂದು ಬಯಸುವುದೂ ತಪ್ಪು. ಕೆರೆಯುವಾಗ ಪದರು ಕಳಚುತ್ತದೆ, ಮೈಮುರಿಯುತ್ತದೆ, ಪಂಜದ ಗ್ರಂಥಿಗಳಿಂದ ತನ್ನ ವಾಸನೆ ಬಿಟ್ಟು ಜಾಗ ಗುರುತಿಸುತ್ತದೆ. ಸೋಫಾ ಉಳಿಯಬೇಕಾದರೆ ಬೇರೆ ಜಾಗ ಕೊಡಿ. ಸುಮಾರು ಮೂರು ಅಡಿ ಎತ್ತರದ ಗಟ್ಟಿ ಕಟ್ಟಿಗೆಯ ಕಂಬವನ್ನು ಅಗಲ ಹಲಗೆಗೆ ಬಡಿದು, ತೆಂಗಿನ ನಾರಿನ ಹಗ್ಗವನ್ನು ಸಂದಿಲ್ಲದಂತೆ ಬಿಗಿದು ಸುತ್ತಿ. ಬಳ್ಳಾರಿಯಲ್ಲಿರುವವರಿಗೆ ಜೀನ್ಸ್ ಹೊಲಿಯುವ ಘಟಕಗಳ ದಪ್ಪ ಬಟ್ಟೆಯ ಚೂರು ಸಿಗುತ್ತದೆ. ಅದನ್ನು ಹೊಲಿದು ಸುತ್ತಿದರೂ ಬಾಳುತ್ತದೆ. ಕಂಬ ಅಲ್ಲಾಡಿದರೆ ಬೆಕ್ಕು ಮತ್ತೆ ಅದರ ಹತ್ತಿರ ಸುಳಿಯುವುದಿಲ್ಲ. ಬೆಕ್ಕು ಮಲಗೆದ್ದು ಮೊದಲು ಮೈಮುರಿಯುವ ಜಾಗದ ಪಕ್ಕದಲ್ಲೇ ಇಡಿ, ಮೂಲೆಯಲ್ಲಲ್ಲ. ನೆಲ ಕೆರೆಯುವ ಚಾಳಿಯ ಬೆಕ್ಕಿಗೆ ಭತ್ತದ ಗೋಣಿಚೀಲವನ್ನು ಎರಡು ಮಡಿಕೆ ಮಾಡಿ ಹಲಗೆಗೆ ಮೊಳೆ ಹೊಡೆದು ಕೊಟ್ಟರೆ ಮುಗಿಯಿತು; ಮೊಳೆಗಳು ಅಡಿಬದಿಗಿರಲಿ.

ಉಗುರನ್ನು ಬುಡಸಮೇತ ತೆಗೆಸಿಬಿಡಬಹುದೇ ಎಂದು ಕೆಲವರು ವಿಚಾರಿಸುತ್ತಾರೆ. ಅದು ಉಗುರು ತೆಗೆಯುವುದಲ್ಲ, ಪ್ರತಿ ಬೆರಳಿನ ಕೊನೆಯ ಮೂಳೆಯನ್ನೇ ಕಡಿಯುವುದು. ಬೇಡವೇ ಬೇಡ.

ಮುದಿ ಬೆಕ್ಕು, ಮತ್ತು ವೈದ್ಯರಿಗೆ ಬಿಡಬೇಕಾದದ್ದು

ವಯಸ್ಸಾದ ಬೆಕ್ಕು ಕೆರೆಯುವುದು ಕಡಿಮೆ ಮಾಡುತ್ತದೆ. ಹಳೆಯ ಪದರು ಕಳಚದೆ ಉಗುರು ದಪ್ಪವಾಗಿ, ಹಳದಿಗಟ್ಟಿ, ಒಳಕ್ಕೆ ಹೋಗದೆ ಸದಾ ಹೊರಗೇ ಇರುತ್ತದೆ. ಇಂಥದ್ದನ್ನು ಒಂದೇ ಏಟಿಗೆ ಕತ್ತರಿಸಿದರೆ ಸಿಡಿಯುತ್ತದೆ. ತುದಿಯಿಂದ ಒಂದೊಂದೇ ಮಿಲಿಮೀಟರ್ ತೆಗೆಯುತ್ತ ಬನ್ನಿ. ಸಂಧಿವಾತದ ಬೆಕ್ಕಾದರೆ ತೊಡೆಯ ಮೇಲೆ ಕೂರಿಸದೆ, ಅದು ಮಲಗಿದಲ್ಲೇ ಕಾಲನ್ನು ಹೆಚ್ಚು ಎತ್ತದೆ ಮಾಡಿ.

ಉಗುರು ಮೆತ್ತೆಗೆ ಚುಚ್ಚಿಕೊಂಡಿದ್ದರೆ ನೀವೇ ಕತ್ತರಿಸಿ ಎಳೆಯಬೇಡಿ. ಒಳಗೆ ಕೀವು ಇರುತ್ತದೆ, ಎಳೆದಾಗ ಆಗುವ ನೋವಿಗೆ ಎಂಥ ಸಾಧು ಬೆಕ್ಕೂ ಕಚ್ಚುತ್ತದೆ. ಬುಡದವರೆಗೆ ಸೀಳಿದ ಅಥವಾ ಅರ್ಧ ಕಿತ್ತು ನೇತಾಡುವ ಉಗುರು, ಒಂದೇ ಬೆರಳಿನ ಊತ, ಉಗುರಿನ ಬುಡದಲ್ಲಿ ಕೀವು, ಹಲವು ಉಗುರು ಒಟ್ಟಿಗೆ ಪುಡಿಯಾಗುವುದು, ಎರಡು ದಿನ ಕಳೆದರೂ ನಿಲ್ಲದ ಕುಂಟು, ಇವೆಲ್ಲ ಪಶುವೈದ್ಯರ ಕೆಲಸ. ಹೊರಡುವ ಮೊದಲು ಫೋನ್ ಮಾಡಿ ಬೆಕ್ಕನ್ನು ನೋಡುವ ವೈದ್ಯರು ಯಾವ ಹೊತ್ತಿಗೆ ಇರುತ್ತಾರೆ ಕೇಳಿಕೊಳ್ಳಿ. ಬೆಕ್ಕನ್ನು ಕೈಯಲ್ಲೋ ಚೀಲದಲ್ಲೋ ಒಯ್ಯಬೇಡಿ, ಗಾಳಿಯಾಡುವ ಬುಟ್ಟಿಯಲ್ಲಿ ಅದರ ಹಾಸಿಗೆ ಬಟ್ಟೆ ಹಾಕಿ, ಮುಚ್ಚಳ ಕಟ್ಟಿ ಒಯ್ಯಿರಿ. ಆಸ್ಪತ್ರೆಯ ಅಂಗಳದಲ್ಲಿ ನಾಯಿ ಬೊಗಳಿದರೆ ಕೈಯಲ್ಲಿದ್ದ ಬೆಕ್ಕು ಉಳಿಯುವುದಿಲ್ಲ.